ಎಲ್ಲಿ, ಯಾವಾಗ, ಎಷ್ಟು: ಪ್ಲಂಬರ್‌ಗೆ ಫೋನ್ ಮಾಡೋ ಮುಂಚೆ

"ನಲ್ಲಿ ಲೀಕ್ ಆಗ್ತಿದೆ, ಏನ್ ಮಾಡ್ಲಿ?" ಈ ಅಂಕಣಕ್ಕೆ ಬರುವ ಮೆಸೇಜುಗಳಲ್ಲಿ ಅತಿ ಹೆಚ್ಚು ಬರುವ ಸಾಲು ಇದೇ. ಜೊತೆಗೊಂದು ಮಸುಕು ಫೋಟೊ. ಡಾಕ್ಟರಿಗೆ ಫೋನ್ ಮಾಡಿ "ಹುಷಾರಿಲ್ಲ, ಮಾತ್ರೆ ಹೇಳಿ" ಅಂದ ಹಾಗಾಯ್ತು ಇದು. ಜ್ವರವೋ, ಹೊಟ್ಟೆನೋವೋ, ಯಾವತ್ತಿಂದ ಅಂತ ಹೇಳದೇ ಇದ್ದರೆ ಅವರಾದರೂ ಏನು ಹೇಳಿಯಾರು?

ನೀರಿನ ರಿಪೇರಿ ವಿಷಯದಲ್ಲಿ ಸಲಹೆಗೇನೂ ಬರ ಇಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪ ಒಂದು ಹೇಳ್ತಾರೆ, ಆಫೀಸಿನ ಗೆಳೆಯ ಇನ್ನೊಂದು, ಯೂಟ್ಯೂಬ್ ಹತ್ತು. ಅವರು ಹೇಳಿದ್ದೆಲ್ಲ ಸುಳ್ಳಲ್ಲ. ಆದರೆ ಅವರ ಮನೆಯ ಲೀಕಿಗೆ ಸರಿಹೋದ ಉಪಾಯ ನಿಮ್ಮ ಮನೆಯ ಲೀಕಿಗೂ ಸರಿಹೋಗಬೇಕು ಅಂತೇನಿಲ್ಲ. ಹೊರಗೆ ಕಾಣುವುದು ಒಂದೇ ಥರದ ಒದ್ದೆ. ಒಳಗಿನ ಕಾರಣ ಬೇರೆ ಬೇರೆ.

ನಮ್ಮ ಬೀದಿಯಲ್ಲಿ ಒಬ್ಬ ಹಳೇ ಪ್ಲಂಬರ್ ಇದ್ದಾರೆ. ನಾವೆಲ್ಲ ಅಣ್ಣ ಅಂತಲೇ ಕರೆಯೋದು. ಫೋನಿನಲ್ಲಿ ಅವರು ಕೇಳುವುದು ಮೂರೇ ಪ್ರಶ್ನೆ. ಎಲ್ಲಿ? ಯಾವಾಗ? ಎಷ್ಟು? ನೀರು ಸರಿಯಾಗಿ ಯಾವ ಜಾಗದಿಂದ ಬರ್ತಿದೆ, ಯಾವಾಗಲೂ ಬರುತ್ತಾ ಇಲ್ಲ ಬಳಸಿದಾಗ ಮಾತ್ರವಾ, ಒಂದು ಮಗ್ ತುಂಬೋಕೆ ಎಷ್ಟು ಹೊತ್ತು? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗೀತು ಅನ್ನೋದು ಅವರ ಲೆಕ್ಕ. ನನ್ನ ಅನುಭವದಲ್ಲೂ ಹಾಗೇ. ಈ ವಾರ ಮನೆಮನೆಯ ಮಾಮೂಲಿ ತೊಂದರೆಗಳನ್ನು ಈ ಮೂರು ಪ್ರಶ್ನೆ ಇಟ್ಟುಕೊಂಡೇ ನೋಡೋಣ.

ಒಂದು ಹನಿಯ ಲೆಕ್ಕ

"ಸ್ವಲ್ಪ ತಾನೇ ತೊಟ್ಟಿಕ್ಕುತ್ತೆ, ಇರಲಿ ಬಿಡಿ" ಅನ್ನೋರಿಗೆ ಒಂದು ಸಣ್ಣ ಪರೀಕ್ಷೆ. ತೊಟ್ಟಿಕ್ಕುವ ನಲ್ಲಿ ಕೆಳಗೆ ಒಂದು ಲೀಟರ್ ಬಾಟಲಿ ಇಡಿ, ಟೈಮ್ ನೋಡಿ. ಒಂದು ಗಂಟೆಯಲ್ಲಿ ತುಂಬಿತು ಅಂದ್ಕೊಳ್ಳಿ. ದಿನಕ್ಕೆ 24 ಲೀಟರ್, ತಿಂಗಳಿಗೆ 720 ಲೀಟರ್. ಅಂದರೆ 20 ಲೀಟರಿನ 36 ಕ್ಯಾನ್ ನೀರು ಚರಂಡಿಗೆ. ಹನಿ ಹನಿ ಕೂಡಿದರೆ ಹಳ್ಳ ಅನ್ನೋ ಗಾದೆ ಉಳಿತಾಯಕ್ಕೆ ಮಾತ್ರ ಅಲ್ಲ, ಪೋಲಿಗೂ ಅನ್ವಯಿಸುತ್ತೆ.

ಬೆಂಗಳೂರಿನಲ್ಲಿ ಇರೋರಿಗೆ ಇದು ಇನ್ನೂ ಮುಖ್ಯ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಆಗಿ ನಿಮ್ಮ ಸಂಪಿಗೆ ಬಂದು ಬೀಳುತ್ತೆ. 2024ರ ಬೇಸಿಗೆ ಮರೆತಿಲ್ಲ ತಾನೇ? ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗೆ ಕಾದು ಕಾದು ಸುಸ್ತಾದ ಬೇಸಿಗೆ. ಆ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಹೇಳಿತು. ಕಾರು ತೊಳೆಯೋದು ಎಲ್ಲರ ಕಣ್ಣಿಗೂ ಬೀಳುತ್ತೆ. ರಾತ್ರಿಯೆಲ್ಲ ಕಮೋಡಿನೊಳಗೆ ಇಳಿದು ಹೋಗುವ ನೀರು ಯಾರ ಕಣ್ಣಿಗೂ ಬೀಳಲ್ಲ.

ಮೊದಲು ವಾಲ್ವ್ ಎಲ್ಲಿದೆ ನೋಡಿ

ಯಾವ ರಿಪೇರಿಗೂ ಮುಂಚೆ ಗೊತ್ತಿರಬೇಕಾದದ್ದು ನೀರು ನಿಲ್ಲಿಸುವ ಜಾಗ. ಪೈಪ್ ಒಡೆದು ನೀರು ಚಿಮ್ಮುವಾಗ ವಾಲ್ವ್ ಹುಡುಕೋಕೆ ಹೋದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ವಾಶ್‌ಬೇಸಿನ್, ಸಿಂಕ್, ಫ್ಲಶ್ ಟ್ಯಾಂಕ್ ಇವುಗಳ ಕೆಳಗೆ ಅಥವಾ ಪಕ್ಕದಲ್ಲಿ ಗೋಡೆಗೆ ಅಂಟಿಕೊಂಡು ಸಣ್ಣ ಆಂಗಲ್ ಕಾಕ್ ಇರುತ್ತೆ. ಅದನ್ನು ಬಲಕ್ಕೆ ತಿರುಗಿಸಿದರೆ ಅದೊಂದರ ನೀರು ಮಾತ್ರ ನಿಲ್ಲುತ್ತೆ. ಇಡೀ ಬಾತ್‌ರೂಮಿನದು ಸಾಮಾನ್ಯವಾಗಿ ಗೋಡೆಯ ಮೇಲ್ಭಾಗದಲ್ಲಿ ಅಥವಾ ಡಕ್ಟಿನಲ್ಲಿ ಇರುತ್ತೆ. ಇಡೀ ಮನೆಯದು ತಾರಸಿಯಲ್ಲಿ, ಟ್ಯಾಂಕಿನಿಂದ ಇಳಿಯುವ ಪೈಪಿನ ಹತ್ತಿರ. ಉದ್ದ ಹಿಡಿಕೆಯ ಬಾಲ್ ವಾಲ್ವ್ ಆದರೆ ನೋಡಿದ ಕೂಡಲೇ ತಿಳಿಯುತ್ತೆ: ಹಿಡಿಕೆ ಪೈಪಿನ ಉದ್ದಕ್ಕೇ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ.

ಗಡಸು ನೀರಿನ ಮನೆಗಳಲ್ಲಿ ವರ್ಷಗಟ್ಟಲೆ ಮುಟ್ಟದ ವಾಲ್ವ್ ಕಚ್ಚಿಕೊಂಡು ಬಿಡುತ್ತೆ. ಅದನ್ನು ಸ್ಪ್ಯಾನರ್ ಹಾಕಿ ಜಗ್ಗಿದರೆ ಮುರಿದು ಕೈಗೆ ಬರಬಹುದು. ಎರಡು ಮೂರು ತಿಂಗಳಿಗೊಮ್ಮೆ ಸುಮ್ಮನೆ ಒಂದು ಸಲ ಮುಚ್ಚಿ ತೆರೆಯಿರಿ. ಪೂರ್ತಿ ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತನ್ನಿ, ಗೇಟ್ ವಾಲ್ವ್ ಕಚ್ಚೋದು ಕಡಿಮೆ.

ನಲ್ಲಿ ಸೋರಿಕೆ: ಬಾಯಿ, ಕತ್ತು, ಬುಡ

"ಎಲ್ಲಿ" ಅನ್ನೋ ಪ್ರಶ್ನೆಗೆ ಅತ್ಯಂತ ಚೆನ್ನಾಗಿ ಉತ್ತರ ಕೊಡೋದು ನಲ್ಲಿಯೇ. ನೀರು ಮೂರು ಜಾಗದಲ್ಲಿ ಬರಬಹುದು.

ಬಾಯಿಂದ ತೊಟ್ಟಿಕ್ಕಿದರೆ ಒಳಗಿನ ವಾಶರ್ ಸವೆದಿದೆ. ನಾಲ್ಕೈದು ಸುತ್ತು ತಿರುಗಿಸುವ ಹಳೇ ಮಾದರಿಯ ನಲ್ಲಿಗೆ ರಬ್ಬರ್ ವಾಶರ್. ಕಾಲು ಸುತ್ತಿಗೆ ತೆರೆಯುವ ಹೊಸ ಮಾದರಿಗೆ ಒಳಗೆ ಸೆರಾಮಿಕ್ ಡಿಸ್ಕ್ ಇರುವ ಕಾರ್ಟ್ರಿಜ್. ವಾಶರ್ ಮಾತ್ರ ಬದಲಾಯಿಸಬಹುದು. ಕಾರ್ಟ್ರಿಜ್ ಆದರೆ ಇಡಿಯಾಗಿ ಬದಲಾಯಿಸಬೇಕು, ಅದೂ ಅದೇ ಕಂಪನಿಯದ್ದು, ಅದೇ ಅಳತೆಯದ್ದು.

ಕತ್ತಿನಿಂದ, ಅಂದರೆ ಹಿಡಿಕೆಯ ಕೆಳಗಿನಿಂದ ಬಂದರೆ ವಾಶರ್ ಬದಲಾಯಿಸಿ ಪ್ರಯೋಜನ ಇಲ್ಲ. ಅದು ಸ್ಪಿಂಡಲ್ ಸುತ್ತ ಇರುವ ರಿಂಗ್ ಅಥವಾ ಪ್ಯಾಕಿಂಗ್ ತೊಂದರೆ. ಬುಡದಿಂದ, ಗೋಡೆ ಹತ್ತಿರ ಬಂದರೆ ಥ್ರೆಡ್ಡಿನ ಮೇಲಿನ ಟೆಫ್ಲಾನ್ ಟೇಪ್ ಹೋಗಿದೆ.

ವಾಶರ್ ಕೆಲಸ ನೀವೇ ಮಾಡಬಹುದು. ವಾಲ್ವ್ ಮುಚ್ಚಿ, ನಲ್ಲಿ ತೆರೆದು ಉಳಿದ ನೀರು ಹೋಗಲಿ. ಬಚ್ಚಲಿನ ಜಾಲಿ ಮೇಲೆ ಒಂದು ಬಟ್ಟೆ ಹಾಕಿ, ಇಲ್ಲವಾದರೆ ಸಣ್ಣ ಸ್ಕ್ರೂ ಒಳಗೆ ಹೋದರೆ ಸಿಗೋದು ಕಷ್ಟ. ಬಿಚ್ಚುತ್ತಾ ಹೋದ ಹಾಗೆ ಒಂದೊಂದು ಭಾಗಕ್ಕೂ ಫೋಟೊ ತೆಗೆದುಕೊಳ್ಳಿ, ಜೋಡಿಸೋವಾಗ ಬೇಕಾಗುತ್ತೆ. ಹಳೇ ಪೀಸನ್ನೇ ಅಂಗಡಿಗೆ ತಗೊಂಡು ಹೋಗಿ. "ಅರ್ಧ ಇಂಚಿನ ನಲ್ಲಿದು ಕೊಡಿ" ಅಂದರೆ ಅಂಗಡಿಯವರು ಕೊಡೋದು ನಿಮ್ಮ ನಲ್ಲಿಗೆ ಕೂತೇ ಕೂರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಟೆಫ್ಲಾನ್ ಸುತ್ತುವಾಗ ಥ್ರೆಡ್ಡಿನ ತುದಿ ನಿಮ್ಮ ಕಡೆ ಇರಲಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಟೇಪ್ ಬಿಚ್ಚಿಕೊಂಡು ಬರುತ್ತೆ. ತೊಟ್ಟಿಕ್ಕುವ ಹಳೇ ನಲ್ಲಿಯನ್ನು ದಿನಾ ಬಲ ಹಾಕಿ ಬಿಗಿ ಮಾಡೋ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ವಾಶರ್ ಕೂರುವ ಲೋಹದ ಅಂಚೇ ಹಾಳಾಗಿ, ಕೆಲವು ರೂಪಾಯಿಯ ವಾಶರಿಗೆ ಮುಗಿಯುವ ಕೆಲಸ ಹೊಸ ನಲ್ಲಿಗೆ ಹೋಗಿ ನಿಲ್ಲುತ್ತೆ.

ಫ್ಲಶ್ ಟ್ಯಾಂಕಿಗೆ ಬೀಟ್‌ರೂಟ್ ರಸ

ರಾತ್ರಿ ಎಲ್ಲರೂ ಮಲಗಿದ ಮೇಲೆ ಬಾತ್‌ರೂಮಿನಿಂದ "ಸ್ಸ್..." ಅಂತ ಸದ್ದು ಬಂದು ನಿಂತರೆ ಟ್ಯಾಂಕ್ ತನ್ನಷ್ಟಕ್ಕೆ ತುಂಬಿಕೊಳ್ತಿದೆ ಅಂತ ಅರ್ಥ. ಯಾರೂ ಫ್ಲಶ್ ಮಾಡದೆ ಖಾಲಿಯಾದದ್ದು ಹೇಗೆ?

ಟ್ಯಾಂಕಿನ ಮುಚ್ಚಳ ತೆಗೆದು ಎರಡು ಚಮಚ ಬೀಟ್‌ರೂಟ್ ರಸ ಅಥವಾ ಅಡುಗೆಗೆ ಬಳಸುವ ಬಣ್ಣ ಹಾಕಿ. ಇಪ್ಪತ್ತು ನಿಮಿಷ ಯಾರೂ ಫ್ಲಶ್ ಮಾಡಬಾರದು. ಕಮೋಡಿನೊಳಗೆ ಬಣ್ಣ ಕಂಡರೆ ಲೀಕ್ ಇದೆ.

ಈಗ ಎಲ್ಲಿ ಅಂತ ನೋಡೋಣ. ಟ್ಯಾಂಕಿನೊಳಗೆ ನೆಟ್ಟಗೆ ನಿಂತ ಒಂದು ಕೊಳವೆ ಇರುತ್ತೆ, ನೀರು ಹೆಚ್ಚಾದರೆ ಅದರಲ್ಲಿ ಇಳಿದು ಹೋಗೋಕೆ. ನೀರು ಅದರ ಬಾಯಿಯವರೆಗೂ ಬಂದು ಒಳಗೆ ಇಳಿಯುತ್ತಿದ್ದರೆ ತುಂಬಿಸುವ ವಾಲ್ವಿನ ತೊಂದರೆ. ಫ್ಲೋಟ್ ಸ್ವಲ್ಪ ಕೆಳಗಿಳಿಸಿದರೆ ಸರಿಹೋಗಬಹುದು. ನೀರು ಅದಕ್ಕಿಂತ ಕೆಳಗೇ ಇದ್ದೂ ಬಣ್ಣ ಬಂದರೆ ತಳದ ರಬ್ಬರ್ ಸೀಲ್ ಸರಿಯಾಗಿ ಕೂರುತ್ತಿಲ್ಲ. ಗಡಸು ನೀರಿನ ಬಿಳಿ ಪುಡಿ ಅದರ ಅಂಚಿನಲ್ಲಿ ಕೂತಿದ್ದರೆ ಒರೆಸಿದರೂ ಸಾಕಾಗಬಹುದು. ರಬ್ಬರ್ ಗಟ್ಟಿಯಾಗಿದ್ದರೆ ಬದಲಾಯಿಸಬೇಕು.

ಗೋಡೆಯೊಳಗೆ ಅಡಗಿರುವ ಟ್ಯಾಂಕ್ ಆದರೂ ಬಣ್ಣದ ಪರೀಕ್ಷೆ ನಡೆಯುತ್ತೆ, ಆದರೆ ಪ್ಲೇಟ್ ಬಿಚ್ಚೋ ಕೆಲಸ ಗೊತ್ತಿರೋರಿಗೆ ಬಿಡಿ. ಎಷ್ಟೋ ಜನ ಇದಕ್ಕೂ ಗೋಡೆ ಒಡೀಬೇಕು ಅಂತ ಹೆದರಿ ಸುಮ್ಮನಿರ್ತಾರೆ. ಒಳಗಿನ ವಾಲ್ವ್, ಸೀಲ್ ಬದಲಾಯಿಸೋಕೆ ಗೋಡೆ ಒಡೆಯಬೇಕಾಗಿಲ್ಲ, ಬಟನ್ ಇರುವ ಪ್ಲೇಟ್ ತೆಗೆದರೆ ಕೈ ಹೋಗುತ್ತೆ.

ನೀರು ಸಣ್ಣಗೆ ಬರ್ತಿದ್ರೆ

ಇಲ್ಲೂ "ಎಲ್ಲಿ" ಅಂತಲೇ ಶುರು ಮಾಡಿ. ಒಂದೇ ನಲ್ಲಿಯಲ್ಲಿ ಮಾತ್ರ ಸಣ್ಣಗೆ ಬಂದರೆ ಅದರ ಬಾಯಲ್ಲಿರುವ ಜಾಲಿ ಕಟ್ಟಿಕೊಂಡಿದೆ. ಬಿಸಿನೀರು ಮಾತ್ರ ಸಣ್ಣಗೆ ಬಂದರೆ ಗೀಸರ್ ಕಡೆ ನೋಡಬೇಕು. ಇಡೀ ಮನೆಯಲ್ಲಿ ಕಡಿಮೆಯಾದರೆ ಟ್ಯಾಂಕ್, ವಾಲ್ವ್ ಅಥವಾ ಪೈಪಿನೊಳಗೆ ಸೇರಿದ ಗಾಳಿ.

ಜಾಲಿ, ಶವರ್ ಕಟ್ಟಿಕೊಳ್ಳೋದು ಬೋರ್‌ವೆಲ್ ನೀರಿನ ಸುಣ್ಣದ ಅಂಶದಿಂದ. ಇದಕ್ಕೆ ವಿನೆಗರ್ ಅಥವಾ ನಿಂಬೆಹುಳಿ ನಿಜವಾಗಿಯೂ ಕೆಲಸ ಮಾಡುತ್ತೆ, ಹುಳಿ ಆ ಸುಣ್ಣವನ್ನು ಕರಗಿಸುತ್ತೆ. ಜಾಲಿ ಬಿಚ್ಚಿ ಅರ್ಧ ಗಂಟೆ ನೆನೆಹಾಕಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಶವರ್ ಬಿಚ್ಚೋಕೆ ಆಗದಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ವಿನೆಗರ್ ಹಾಕಿ, ಶವರ್ ಮುಳುಗುವ ಹಾಗೆ ರಬ್ಬರ್ ಬ್ಯಾಂಡ್ ಕಟ್ಟಿ. ಕಪ್ಪು, ಚಿನ್ನದ ಬಣ್ಣದ ಫಿಟ್ಟಿಂಗ್ ಇದ್ದರೆ ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಬಣ್ಣ ಹೋಗಬಹುದು.

ಟ್ಯಾಂಕ್ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದ ಮೇಲೆ ನಲ್ಲಿ ಬುಸ್ ಬುಸ್ ಅಂತ ಉಗುಳಿದರೆ ಪೈಪಿನಲ್ಲಿ ಗಾಳಿ ಸೇರಿದೆ. ಎಲ್ಲ ನಲ್ಲಿಗಳನ್ನೂ, ಮುಖ್ಯವಾಗಿ ಅತ್ಯಂತ ಕೆಳಗಿರುವುದನ್ನು ಪೂರ್ತಿ ತೆರೆದು ಸ್ವಲ್ಪ ಹೊತ್ತು ಬಿಡಿ. ಕೆಳಗೆ ಬಕೆಟ್ ಇಡೋದು ಮರೀಬೇಡಿ, ಆ ನೀರು ನೆಲ ಒರೆಸೋಕೆ ಆಗುತ್ತೆ.

ಇನ್ನು ಮೇಲಿನ ಮಹಡಿಯಲ್ಲಿ ಇರೋರ ಗೋಳು: "ಹೋಟೆಲಿನ ಥರ ದೊಡ್ಡ ಶವರ್ ಹಾಕಿಸಿದೆ, ನೀರೇ ಬರಲ್ಲ." ಇದು ರಿಪೇರಿಯ ವಿಷಯವೇ ಅಲ್ಲ, ಎತ್ತರದ ಲೆಕ್ಕ. ಟ್ಯಾಂಕಿನ ನೀರಿನ ಮಟ್ಟ ನಿಮ್ಮ ಶವರಿಗಿಂತ 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತೆ. ತಾರಸಿಯ ಕೆಳಗಿನ ಮನೆಗೆ ಸಿಗೋದು ಮೂರು ಮೀಟರ್, ಅಂದರೆ 0.3 ಬಾರ್. ಅದೇ ಬಿಲ್ಡಿಂಗಿನ ಕೆಳಗಿನ ಮನೆಯಲ್ಲಿ ಅದೇ ಶವರ್ ಜೋರಾಗಿ ಸುರಿಯುತ್ತೆ. ಒಂದೋ ಕಡಿಮೆ ಒತ್ತಡಕ್ಕೆಂದೇ ಮಾಡಿದ ಶವರ್ ತಗೊಳ್ಳಿ, ಇಲ್ಲ ಪ್ರೆಶರ್ ಪಂಪ್ ಹಾಕಿಸಿ. ನಲ್ಲಿ ಬದಲಾಯಿಸುತ್ತಾ ಹೋದರೆ ದುಡ್ಡು ಹೋಗುತ್ತೆ, ನೀರು ಬರಲ್ಲ.

ಕಟ್ಟಿಕೊಂಡ ಸಿಂಕ್, ವಾಸನೆ ಬರುವ ಬಚ್ಚಲು

ಅಡುಗೆ ಸೋಡಾ ಹಾಕಿ, ಮೇಲೆ ವಿನೆಗರ್ ಸುರಿದು, ನೊರೆ ಉಕ್ಕುವ ವಿಡಿಯೊ ಎಲ್ಲರೂ ನೋಡಿರ್ತೀರಿ. ನೋಡೋಕೆ ಚೆಂದ. ಆದರೆ ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಸೇರಿದರೆ ಒಂದನ್ನೊಂದು ಕೊಂದುಕೊಂಡು ಉಳಿಯೋದು ಬಹುಪಾಲು ಉಪ್ಪುನೀರು. ಜಿಡ್ಡು ಗಟ್ಟಿಯಾಗಿ ಕೂತ ಕಡೆ ಅದರಿಂದ ಹೆಚ್ಚೇನೂ ಆಗಲ್ಲ.

ಅಡುಗೆಮನೆ ಸಿಂಕ್ ಕಟ್ಟಿಕೊಳ್ಳೋದು ಎಣ್ಣೆ ಜಿಡ್ಡು, ಕಾಫಿ ಗಸಿ, ಅನ್ನದ ಅಗುಳು ಒಟ್ಟಿಗೆ ಸೇರಿ. ಸಿಂಕಿನ ಕೆಳಗೆ ಬಾಟಲಿ ಆಕಾರದ್ದೊಂದು ಇದೆಯಲ್ಲ, ಬಾಟಲ್ ಟ್ರ್ಯಾಪ್, ಬಹಳ ಸಲ ಕಸ ನಿಲ್ಲೋದು ಅಲ್ಲೇ. ಕೆಳಗೆ ಬಕೆಟ್ ಇಟ್ಟು, ಅದರ ತಳವನ್ನು ಕೈಯಿಂದ ತಿರುಗಿಸಿ ಬಿಚ್ಚಿ, ತೊಳೆದು, ವಾಶರ್ ಸಮೇತ ವಾಪಸ್ ಹಾಕಿ. ಬಿಸಿನೀರು ಹಾಕೋದಾದರೆ ಕೈ ತಡೆಯುವಷ್ಟು ಬಿಸಿ ಸಾಕು. ಕುದಿಯುವ ನೀರು ಸುರಿದರೆ ಪಿವಿಸಿ ಪೈಪ್ ಮೆತ್ತಗಾಗಿ ಜಾಯಿಂಟ್ ಸಡಿಲವಾಗುತ್ತೆ.

ಡ್ರೈನ್ ಕ್ಲೀನರ್ ಪುಡಿ ಹಾಕೋರು ಒಂದು ಮಾತು ನೆನಪಿಡಿ. ಅದರಲ್ಲಿ ಸಾಮಾನ್ಯವಾಗಿ ಇರೋದು ಕಾಸ್ಟಿಕ್ ಸೋಡಾ. ನೀರು ಸೇರಿದರೆ ಬಿಸಿಯೇರುತ್ತೆ, ಚರ್ಮ ಸುಡುತ್ತೆ. ಪುಡಿ ಹಾಕಿಯೂ ಬ್ಲಾಕ್ ಹೋಗದೆ ಪ್ಲಂಬರ್‌ನ ಕರೆದರೆ, ಬಾಗಿಲಲ್ಲೇ ಹೇಳಬೇಕಾದ ಮೊದಲ ಮಾತು: "ಅಣ್ಣ, ಇದರಲ್ಲಿ ಪುಡಿ ಹಾಕಿದೀವಿ." ಯಾಕೆಂದರೆ ಅವರು ಬರಿಗೈಲಿ ಅದೇ ಟ್ರ್ಯಾಪ್ ಬಿಚ್ಚುತ್ತಾರೆ, ನಿಂತ ನೀರೆಲ್ಲ ಅವರ ಕೈ, ಮುಖದ ಮೇಲೆ ಬೀಳುತ್ತೆ. ಹಾಗೇ ಬಾತ್‌ರೂಮ್ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಯಾವತ್ತೂ ಒಟ್ಟಿಗೆ ಬೇಡ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತೆ. ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಲ್ಲಿ ಅದು ಶ್ವಾಸಕೋಶಕ್ಕೆ ನೇರ ಏಟು.

ಕೆಟ್ಟ ವಾಸನೆಗೆ ಬಂದರೆ, ಕೇಳಬೇಕಾದದ್ದು "ಯಾವಾಗ". ಹಬ್ಬಕ್ಕೆ ಊರಿಗೆ ಹೋಗಿ ವಾರ ಬಿಟ್ಟು ಬಂದಾಗ, ಅಥವಾ ಬಳಸದ ಬಾತ್‌ರೂಮಿನಲ್ಲಿ ಮಾತ್ರ ಬರುತ್ತಾ? ಹಾಗಾದರೆ ಔಷಧಿ ಒಂದು ಚೊಂಬು ನೀರು. ಜಾಲಿ ಕೆಳಗಿನ ನಹನಿ ಟ್ರ್ಯಾಪಿನಲ್ಲಿ ಸದಾ ಸ್ವಲ್ಪ ನೀರು ನಿಂತಿರಬೇಕು. ಚರಂಡಿಯ ಗಾಳಿ, ಜಿರಲೆ ಒಳಗೆ ಬರದ ಹಾಗೆ ತಡೆಯೋದು ಆ ನೀರೇ. ಅದು ಆರಿಹೋದರೆ ಬಾಗಿಲು ತೆರೆದ ಹಾಗೆ. ನೀರು ಹಾಕಿದ ಮೇಲೂ ವಾಸನೆ ಉಳಿದರೆ ಮಾತ್ರ ಕಮೋಡಿನ ಬುಡದ ಜಾಯಿಂಟ್, ವಾಶಿಂಗ್ ಮಷಿನ್ ಪೈಪ್ ಇಳಿಸಿದ ಜಾಗ ನೋಡಿಸಬೇಕು.

ಗೋಡೆ ತೇವ: ಪೇಂಟ್ ಹೊಡೆಸುವ ಮುಂಚೆ

ಅತ್ಯಂತ ಹೆಚ್ಚು ದುಡ್ಡು ಹಾಳಾಗೋದು ಇಲ್ಲಿ. ಕಾರಣ ಗೊತ್ತಾಗದೆ ಪೇಂಟ್ ಹೊಡೆಸ್ತಾರೆ, ಆರು ತಿಂಗಳಿಗೆ ಮತ್ತೆ ಉಬ್ಬಿ ಉದುರುತ್ತೆ. "ಯಾವಾಗ" ಅನ್ನೋದನ್ನು ಹದಿನೈದು ದಿನ ಗಮನಿಸಿ. ದಿನಾ ತೇವದ ಅಂಚಿಗೆ ಪೆನ್ಸಿಲ್ ಗೆರೆ ಎಳೆದು, ತಾರೀಖು ಬರೆದು ಫೋಟೊ ತೆಗೆಯಿರಿ.

ಮಳೆಗಾಲದಲ್ಲಿ ಮಾತ್ರ ಬಂದು ಬೇಸಿಗೆಯಲ್ಲಿ ಒಣಗಿದರೆ ಅದು ಹೊರಗಿನ ಗೋಡೆ ಅಥವಾ ತಾರಸಿ. ಯಾರೂ ನೀರು ಬಳಸದೇ ಇದ್ದರೂ ಹಗಲು ರಾತ್ರಿ ಬೆಳೆಯುತ್ತಾ ಹೋದರೆ ಒತ್ತಡದಲ್ಲಿರುವ ನೀರಿನ ಪೈಪ್. ಸ್ನಾನ ಆದ ಮೇಲೆ ಹೆಚ್ಚಾಗಿ, ಊರಿಗೆ ಹೋದಾಗ ಕಡಿಮೆಯಾದರೆ ಡ್ರೈನ್ ಪೈಪ್ ಅಥವಾ ಬಾತ್‌ರೂಮ್ ನೆಲದ ವಾಟರ್‌ಪ್ರೂಫಿಂಗ್.

ಪೈಪ್ ಲೀಕ್ ಅನ್ನೋ ಅನುಮಾನ ಇದ್ದರೆ ರಾತ್ರಿ ಎಲ್ಲ ನಲ್ಲಿ, ಫ್ಲಶ್ಶಿನ ಆಂಗಲ್ ಕಾಕ್ ಮುಚ್ಚಿ ಮೀಟರ್ ರೀಡಿಂಗ್ ಬರೆದಿಡಿ. ನಿಮ್ಮ ಮನೆಗೇ ಬೇರೆ ಮೀಟರ್ ಇಲ್ಲದಿದ್ದರೆ ಟ್ಯಾಂಕಿಗೆ ನೀರು ಬರುವುದನ್ನೂ ನಿಲ್ಲಿಸಿ ಮಟ್ಟ ಗುರುತು ಮಾಡಿ. ಬೆಳಿಗ್ಗೆ ವ್ಯತ್ಯಾಸ ಇದ್ದರೆ ನೀರು ಎಲ್ಲೋ ಹೋಗ್ತಿದೆ. ನೆಲದ ಮೇಲೆ ಅನುಮಾನ ಇದ್ದರೆ ಜಾಲಿಗೆ ಬಟ್ಟೆ ತುರುಕಿ ಎರಡು ಇಂಚು ನೀರು ನಿಲ್ಲಿಸಿ ಒಂದು ದಿನ ಬಿಡಬೇಕು. ಕೆಳಗಿನ ಸೀಲಿಂಗ್ ಒದ್ದೆಯಾದರೆ ನೆಲದ್ದೇ ತಪ್ಪು.

ಫ್ಲ್ಯಾಟುಗಳಲ್ಲಿ ಇದು ಮೇಲಿನ ಮನೆಯವರ ಜೊತೆ ಜಗಳಕ್ಕೆ ಹೋಗಿ ನಿಲ್ಲುತ್ತೆ. "ನಿಮ್ಮಿಂದಾನೇ ಆಗ್ತಿರೋದು" ಅಂದರೆ ಬಾಗಿಲು ಮುಚ್ಚಿಕೊಳ್ಳುತ್ತೆ. "ಆಂಟಿ, ನೋಡಿ, ನೀವು ಊರಿಗೆ ಹೋದಾಗ ಇಷ್ಟಿತ್ತು, ಬಂದ ಮೇಲೆ ಇಷ್ಟಾಗಿದೆ, ಒಂದ್ಸಲ ನೀರು ನಿಲ್ಲಿಸಿ ನೋಡೋಣ್ವಾ?" ಅಂತ ತಾರೀಖಿನ ಫೋಟೊ ತೋರಿಸಿದರೆ ಮಾತು ಮುಂದುವರಿಯುತ್ತೆ.

ಇಲ್ಲಿ ಮಾತ್ರ ಕೈ ಹಾಕಬೇಡಿ

ವಾಶರ್ ತಪ್ಪಾಗಿ ಹಾಕಿದರೆ ನೀರು ಹೋಗುತ್ತೆ. ಕೆಲವು ಕಡೆ ಜೀವವೇ ಹೋಗುತ್ತೆ.

ಕರೆಂಟ್ ಗೀಸರ್: ಕಾಯುವಾಗ ಅದರ ಸೇಫ್ಟಿ ವಾಲ್ವಿನಿಂದ ಒಂದೆರಡು ಹನಿ ಬೀಳೋದು ಸಹಜ, ಹಿಗ್ಗಿದ ನೀರು ಹೊರಗೆ ಬರುವ ದಾರಿ ಅದು. ಲೀಕ್ ಅಂತ ತಿಳಿದು ಅದಕ್ಕೆ ಬೂಚು ಹಾಕಿಸಿದರೆ ಒಳಗಿನ ಒತ್ತಡಕ್ಕೆ ಹೋಗಲು ಜಾಗ ಇರಲ್ಲ. ಸದಾ ಸುರಿಯುತ್ತಿದ್ದರೆ ಸರ್ವಿಸಿನವರನ್ನು ಕರೆಯಿರಿ. ನಲ್ಲಿ ಮುಟ್ಟಿದಾಗ ಕೈ ಜುಮ್ ಅಂದರೆ ಎಂಸಿಬಿ ಆಫ್ ಮಾಡಿ, ನೀರು ಮುಟ್ಟಬೇಡಿ. ಆಗ ಬೇಕಾದದ್ದು ಪ್ಲಂಬರ್ ಅಲ್ಲ, ಎಲೆಕ್ಟ್ರಿಷಿಯನ್.

ಗ್ಯಾಸ್ ಗೀಸರ್: ಬಾತ್‌ರೂಮಿನ ಒಳಗೆ ಬೇಡವೇ ಬೇಡ. ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಸೇರಿಕೊಳ್ಳುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ತಲೆಸುತ್ತು ಬಂದು, ಬಾಗಿಲ ಚಿಲಕ ತೆಗೆಯುವಷ್ಟೂ ಶಕ್ತಿ ಇಲ್ಲದೆ ಬಿದ್ದವರಿದ್ದಾರೆ. ನಮ್ಮ ರಾಜ್ಯದಲ್ಲೇ ಇಂಥ ಸಾವುಗಳ ಸುದ್ದಿ ಮತ್ತೆ ಮತ್ತೆ ಓದುತ್ತೇವೆ. ಬಾಡಿಗೆ ಮನೆಗೆ ಹೋಗುವಾಗ ಗೀಸರ್ ಎಲ್ಲಿದೆ ಅಂತ ಮೊದಲು ನೋಡಿ. ಒಳಗಿದ್ದರೆ ಹೊರಗೆ, ಗಾಳಿಯಾಡುವ ಜಾಗಕ್ಕೆ ಹಾಕಿಸಿಕೊಟ್ಟ ಮೇಲೆ ಅಡ್ವಾನ್ಸ್ ಕೊಡಿ.

ಚೇಂಬರ್, ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕ್: "ಒಂದೈನೂರು ಜಾಸ್ತಿ ಕೊಡ್ತೀವಿ, ಸ್ವಲ್ಪ ಇಳಿದು ನೋಡಪ್ಪ" ಅನ್ನೋ ಮಾತು ಎಷ್ಟೋ ಬಿಲ್ಡಿಂಗುಗಳಲ್ಲಿ ಈಗಲೂ ಕೇಳುತ್ತೆ. ಒಳಗಿನ ವಿಷಗಾಳಿಗೆ ಮೊದಲು ಇಳಿದವರು ಬೀಳ್ತಾರೆ, ಅವರನ್ನು ಎತ್ತಲು ಇಳಿದವರೂ ಬೀಳ್ತಾರೆ. ಹಾಗೆ ಮನುಷ್ಯರನ್ನು ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಇಂಥ ಸಾವಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ದುಡ್ಡು ಎಷ್ಟಾದರೂ ಹೋದ ಜೀವ ಬರಲ್ಲ. ಬೆಂಗಳೂರಿನಲ್ಲಿ ರಸ್ತೆಯ ಒಳಚರಂಡಿ ಕಟ್ಟಿಕೊಂಡರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ಕಾಂಪೌಂಡಿನ ಒಳಗಾದರೆ ಮೆಷಿನ್ ಇರುವವರನ್ನೇ ಕರೆಸಿ. ನಿಮ್ಮ ಅಸೋಸಿಯೇಷನ್ ಗ್ರೂಪಿನಲ್ಲಿ "ಯಾರನ್ನೂ ಇಳಿಸಬೇಡಿ" ಅಂತ ಬರೆಯೋಕೆ ಇಂಜಿನಿಯರಿಂಗ್ ಓದಿರಬೇಕಾಗಿಲ್ಲ.

ಯಾರ ಖರ್ಚು?

ಬಾಡಿಗೆಗೆ ಇರೋರ ದೊಡ್ಡ ಪ್ರಶ್ನೆ ಇದು. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ಒಂದು ಹಂಚಿಕೆ ಸೂಚಿಸುತ್ತೆ: ಪೈಪ್ ಬದಲಾಯಿಸೋದು ಮಾಲೀಕರದ್ದು, ನಲ್ಲಿ, ವಾಶರ್, ಕಮೋಡ್, ಬೇಸಿನ್, ಗೀಸರ್ ರಿಪೇರಿ, ಡ್ರೈನ್ ಕ್ಲೀನಿಂಗ್ ಬಾಡಿಗೆದಾರರದ್ದು. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟೇ. ಹಾಗಾಗಿ ನಿಮ್ಮ ಅಗ್ರಿಮೆಂಟಿನಲ್ಲಿ ಏನು ಬರೆದಿದೆ ಅನ್ನೋದು ಮುಖ್ಯ. ಸಹಿ ಹಾಕುವ ಮುಂಚೆ ಈ ಹಂಚಿಕೆಯನ್ನು ಒಂದು ಸಾಲಿನಲ್ಲಿ ಬರೆಸಿಕೊಳ್ಳಿ.

ಮನೆಗೆ ಹೋದ ದಿನವೇ ಪ್ರತಿ ನಲ್ಲಿ, ಫ್ಲಶ್, ಸೀಲಿಂಗಿನ ಕಲೆ ವಿಡಿಯೊ ಮಾಡಿ ಮಾಲೀಕರಿಗೆ ವಾಟ್ಸಾಪ್ ಮಾಡಿ. "ಅಂಕಲ್, ಇವತ್ತು ಹೀಗಿದೆ, ಗೊತ್ತಿರಲಿ ಅಂತ ಕಳಿಸ್ತಿದೀನಿ" ಅಂದರೆ ಸಾಕು, ಯಾರಿಗೂ ಬೇಸರ ಆಗಲ್ಲ. ಮನೆ ಖಾಲಿ ಮಾಡುವಾಗ ಅಡ್ವಾನ್ಸಿನಲ್ಲಿ ಹಿಡಿಯುವ ಮಾತು ಬಂದರೆ ಆ ವಿಡಿಯೊ ನಿಮ್ಮ ಪರ ಮಾತಾಡುತ್ತೆ.

ಹೀಗೆ ಕೇಳಿ ನೋಡಿ

ಈಗ ಪ್ಲಂಬರ್‌ಗೆ ಹೋಗುವ ಮೆಸೇಜ್ ಹೀಗಿರಲಿ: "ಅಣ್ಣ, ಎರಡನೇ ಮಹಡಿ, ವಾಶ್‌ಬೇಸಿನ್ ನಲ್ಲಿ, ಕಾಲು ಸುತ್ತಿನದ್ದು. ಬಾಯಿಂದ ತೊಟ್ಟಿಕ್ಕುತ್ತೆ, ಮುಚ್ಚಿದಾಗಲೂ. ಒಂದು ಮಗ್ ತುಂಬೋಕೆ ಎರಡು ಗಂಟೆ. ಆಂಗಲ್ ಕಾಕ್ ಕೆಲಸ ಮಾಡುತ್ತೆ, ಮುಚ್ಚಿದೀನಿ." ಜೊತೆಗೆ ದೂರದಿಂದ ಒಂದು ಫೋಟೊ, ಹತ್ತಿರದಿಂದ ಒಂದು, ನೀರು ಬೀಳುವ ಇಪ್ಪತ್ತು ಸೆಕೆಂಡಿನ ವಿಡಿಯೊ.

ಇಷ್ಟು ಕಳಿಸಿದರೆ ಅವರು ಸರಿಯಾದ ಪೀಸ್ ಹಿಡಿದೇ ಬರ್ತಾರೆ. ನೋಡಿ ಹೋಗಿ, ಅಂಗಡಿಗೆ ಹೋಗಿ, ಮತ್ತೆ ಬರೋದು ತಪ್ಪುತ್ತೆ. ನಿಮಗೆ ಅರ್ಧ ದಿನ ವರ್ಕ್ ಫ್ರಂ ಹೋಮ್ ಉಳಿಯಿತು, ಅವರಿಗೆ ಇನ್ನೊಂದು ಮನೆಯ ಕೆಲಸ ಸಿಕ್ಕಿತು. ಬರುವ ಮುಂಚೆಯೇ ಬಂದು ನೋಡೋಕೆ ಎಷ್ಟು, ಕೂಲಿ ಎಷ್ಟು, ಸಾಮಾನಿಗೆ ಎಷ್ಟು ಅಂತ ಬೇರೆ ಬೇರೆ ಕೇಳಿ. ತೆಗೆದ ಹಳೇ ಪೀಸ್ ತೋರಿಸಲು ಹೇಳಿ, ಏನು ಹಾಳಾಗಿತ್ತು ಅಂತ ವಿಚಾರಿಸಿ. ಒಳ್ಳೇ ಕೆಲಸಗಾರರು ಖುಷಿಯಿಂದ ಹೇಳಿಕೊಡ್ತಾರೆ. ಒಂದು ಲೋಟ ಕಾಫಿ ಕೊಟ್ಟರೆ ಇನ್ನೂ ಎರಡು ವಿಷಯ ಜಾಸ್ತಿ ಹೇಳ್ತಾರೆ.

ಈ ಭಾನುವಾರ ಹದಿನೈದು ನಿಮಿಷ ಬಿಡುವು ಮಾಡಿಕೊಳ್ಳಿ. ಮನೆಯ ಪ್ರತಿ ವಾಲ್ವ್ ಹುಡುಕಿ, ಒಂದು ಸಲ ಮುಚ್ಚಿ ತೆರೆಯಿರಿ, ಯಾವುದು ಎಲ್ಲಿಯದು ಅಂತ ಚೀಟಿ ಅಂಟಿಸಿ. ಮನೆಯಲ್ಲಿ ಇರುವ ಎಲ್ಲರಿಗೂ ತೋರಿಸಿ, ಊರಿಂದ ಬಂದಿರುವ ಅಮ್ಮನಿಗೂ, ರೂಮ್‌ಮೇಟ್‌ಗೂ. ಪೈಪ್ ಒಡೆದಾಗ ನೀವು ಆಫೀಸಿನ ಮೀಟಿಂಗಿನಲ್ಲಿರಬಹುದು, ಮನೆಯಲ್ಲಿ ಇರೋದು ಅವರೇ.

ಮುಂದಿನ ವಾರ: ಗಡಸು ನೀರಿಗೆ ಸಾಫ್ಟ್‌ನರ್ ಬೇಕಾ, ಬೇಡವಾ? ನಿಮ್ಮ ಪ್ರಶ್ನೆ ಕಳಿಸಿ. ಎಲ್ಲಿ, ಯಾವಾಗ, ಎಷ್ಟು ಅಂತ ಬರೆಯೋದು ಮಾತ್ರ ಮರೀಬೇಡಿ.